ಉಜ್ಜಿಹೋದ ಪೊರೆಯಲ್ಲಿ ಅಡಗಿದ್ದ ಉತ್ತರ

ಐವತ್ತು ದಾಟಿದವರಿರುವ ಮನೆಗಳಲ್ಲಿ ‘ಬಿ.ಪಿ.’ ಎಂಬ ಮಾತು ಇಂದು ಅಕ್ಕಿ, ಉಪ್ಪು, ಎಣ್ಣೆಗಳ ಮಾತಿನಷ್ಟೇ ಸಾಮಾನ್ಯವಾಗಿದೆ. ವೈದ್ಯರು ತೋಳಿಗೆ ಪಟ್ಟಿ ಸುತ್ತುತ್ತಾರೆ, ಗಾಳಿ ತುಂಬುತ್ತಾರೆ, ಕೊನೆಗೆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. 120–80 ಎಂದರೆ ಮನಸ್ಸು ಹಗುರಾಗುತ್ತದೆ. 160–100 ಎಂದರೆ ಮುಖ ಬಾಡುತ್ತದೆ. ಮನೆಗೆ ಮರಳಿದ ಮೇಲೆ ‘ಹೆಚ್ಚು ಯೋಚನೆ ಮಾಡಬೇಡಿ’ ಎಂಬ ಉಪದೇಶ ಎಲ್ಲರಿಂದಲೂ ದೊರೆಯುತ್ತದೆ. ಆದರೆ ಈ ಎರಡು ಸಂಖ್ಯೆಗಳು ಏನನ್ನು ಸೂಚಿಸುತ್ತವೆ, ಅವನ್ನು ಏರಿಸಿ ಇಳಿಸುವ ಶಕ್ತಿ ದೇಹದೊಳಗೆ ಎಲ್ಲಿದೆ ಎಂದು ಕೇಳುವವರು ವಿರಳ.

ರಕ್ತದೊತ್ತಡವೆಂದ ಕೂಡಲೇ ನಮ್ಮ ಗಮನ ಹೃದಯದ ಕಡೆಗೆ ಹರಿಯುವುದು ಸಹಜ. ಹೃದಯವು ಮಿಡಿಯುವ ಯಂತ್ರ, ರಕ್ತನಾಳಗಳು ಅದಕ್ಕೆ ಜೋಡಿಸಿದ ಕೊಳವೆಗಳು ಎಂದು ನಾವು ಭಾವಿಸುತ್ತೇವೆ. ವಿಜ್ಞಾನಿಗಳ ಭಾವನೆಯೂ ಬಹುಕಾಲ ಇದಕ್ಕಿಂತ ತೀರಾ ಭಿನ್ನವಾಗಿರಲಿಲ್ಲ. ನಾಳದ ಗೋಡೆಯಲ್ಲಿ ಸ್ನಾಯುವಿದೆ, ಅದು ಬಿಗಿಯುತ್ತದೆ ಮತ್ತು ಸಡಿಲಗೊಳ್ಳುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆದರೆ ಆ ಗೋಡೆಯ ಒಳಮೈಗೆ ಹೊದಿಸಿದಂತಿರುವ, ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪೊರೆಯನ್ನು ಅವರು ಹೆಚ್ಚಾಗಿ ಒಂದು ಅಸ್ತರಿಯೆಂದೇ ಪರಿಗಣಿಸಿದ್ದರು. ಆ ಪೊರೆಯೇ ಸ್ನಾಯುವಿಗೆ ‘ಸಡಿಲಗೊಳ್ಳು’ ಎಂದು ಆಜ್ಞೆ ನೀಡುತ್ತದೆಂಬುದನ್ನು 1980ರಲ್ಲಿ ಲೋಕಕ್ಕೆ ತೋರಿಸಿದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್. ಅವರ ಸಂಶೋಧನೆಯ ಕಥೆ ರಕ್ತನಾಳದ ಬಗ್ಗೆ ಎಷ್ಟು ಕಲಿಸುತ್ತದೆಯೋ, ಸತ್ಯವನ್ನು ಅರಸುವ ಬಗೆಯ ಕುರಿತೂ ಅಷ್ಟೇ ಕಲಿಸುತ್ತದೆ.

ಗಾಜಿನ ಕೊಳವೆಯಲ್ಲಿ ಏರಿದ ನೆತ್ತರು

ರಕ್ತವು ದೇಹದಲ್ಲಿ ಚಕ್ರಾಕಾರವಾಗಿ ಪರಿಚಲಿಸುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದರು. ಹೀಗೆ ಹರಿಯುವ ರಕ್ತಕ್ಕೆ ಎಷ್ಟು ಒತ್ತಡವಿದೆ ಎಂದು ಮೊಟ್ಟಮೊದಲು ಅಳೆದವರು ವೈದ್ಯರಲ್ಲ, ಒಬ್ಬ ಧರ್ಮಗುರು. ಅವರ ಹೆಸರು ಸ್ಟೀಫನ್ ಹೇಲ್ಸ್. 1709ರಿಂದ 1761ರಲ್ಲಿ ತೀರಿಕೊಳ್ಳುವವರೆಗೂ ಅವರು ಲಂಡನ್ನಿನ ಸಮೀಪದ ಟೆಡಿಂಗ್ಟನ್ ಎಂಬ ಊರಿನಲ್ಲಿ ಆಂಗ್ಲಿಕನ್ ಧರ್ಮಸಭೆಯ ಗುರುಗಳಾಗಿದ್ದರು. ಗಿಡಮರಗಳಲ್ಲಿ ನೀರು ಮೇಲೇರುವ ಬಗೆಯನ್ನು ಅಳೆದವರೂ, ಹಡಗು ಮತ್ತು ಸೆರೆಮನೆಗಳೊಳಗೆ ಶುದ್ಧ ಗಾಳಿ ಬೀಸುವ ಸಾಧನಗಳನ್ನು ಮಾಡಿಸಿದವರೂ ಅವರೇ.

ಕೆಲಸಕ್ಕೆ ಬಾರದೆಂದು ಕೊಲ್ಲಲು ನಿಶ್ಚಯಿಸಲಾಗಿದ್ದ ಒಂದು ಹೆಣ್ಣುಕುದುರೆಯ ಕಾಲಿನ ಧಮನಿಗೆ ಹೇಲ್ಸ್ ಅವರು ಹಿತ್ತಾಳೆಯ ನಳಿಕೆಯನ್ನೂ, ಅದಕ್ಕೆ ಉದ್ದನೆಯ ಗಾಜಿನ ಕೊಳವೆಯನ್ನೂ ಜೋಡಿಸಿದರು. ಕೊಳವೆಯಲ್ಲಿ ನೆತ್ತರು 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತು, ಪ್ರತಿ ಮಿಡಿತಕ್ಕೂ ಏರಿಳಿಯತೊಡಗಿತು. 1733ರಲ್ಲಿ ಅವರು ಈ ಪ್ರಯೋಗಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ನೆರೆಯ ಊರಿನಲ್ಲಿದ್ದ ಕವಿ ಅಲೆಕ್ಸಾಂಡರ್ ಪೋಪ್ ಅವರಿಗೆ ಹೇಲ್ಸ್ ಅವರ ಮೇಲೆ ಗೌರವವಿದ್ದರೂ ಪ್ರಾಣಿಗಳನ್ನು ಹೀಗೆ ಕೊಯ್ಯುವುದು ಸಹಿಸಲಾಗಲಿಲ್ಲ. ಆ ಆಕ್ಷೇಪದಲ್ಲಿದ್ದ ನೈತಿಕ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಮನುಷ್ಯರಿಗೆ ಈ ವಿಧಾನವನ್ನು ಬಳಸುವಂತಿರಲಿಲ್ಲ. 1828ರಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ್ ರಕ್ತಕ್ಕೆ ಬದಲು ಪಾದರಸದ ಕಂಬವನ್ನು ಬಳಸಿದರು. ಪಾದರಸವು ನೀರಿಗಿಂತ ಸುಮಾರು 13.6 ಪಟ್ಟು ಭಾರವಾದುದರಿಂದ ಎಂಟಡಿಯ ಕೊಳವೆ ಗೇಣುದ್ದಕ್ಕೆ ಇಳಿಯಿತು. ಇಂದಿಗೂ ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವುದಕ್ಕೆ ಇದೇ ಕಾರಣ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಅವರು ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ರೂಪಿಸಿದರು. 1905ರಲ್ಲಿ ರಷ್ಯದ ನಿಕೊಲಾಯ್ ಕೊರೊಟ್ಕೊವ್ ಅವರು ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಎರಡು ಒತ್ತಡಗಳನ್ನೂ ಗುರುತಿಸಬಹುದೆಂದು ತೋರಿಸಿಕೊಟ್ಟರು. ಗಾಳಿ ಇಳಿಸುತ್ತ ಹೋದಂತೆ ಬಡಿತದ ಸದ್ದು ಮೊದಲು ಕೇಳುವಾಗಿನ ಅಂಕಿ ಹೃದಯ ಸಂಕುಚಿಸಿದಾಗಿನ ಒತ್ತಡ. ಸದ್ದು ಅಡಗುವಾಗಿನ ಅಂಕಿ ಹೃದಯ ವಿಶ್ರಮಿಸುವಾಗ ನಾಳದಲ್ಲಿ ಉಳಿದಿರುವ ಒತ್ತಡ. ಚೀಟಿಯಲ್ಲಿ ಮೇಲೆ ಕೆಳಗೆ ಬರೆಯುವ ಎರಡು ಸಂಖ್ಯೆಗಳೆಂದರೆ ಇವೇ.

ಕಿರಿದಾಗುವಿಕೆಯ ಲೆಕ್ಕ

ಒತ್ತಡವನ್ನು ನಿರ್ಣಯಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಹೃದಯವು ಎಷ್ಟು ರಕ್ತವನ್ನು ತಳ್ಳುತ್ತದೆ ಮತ್ತು ನಾಳಗಳು ಎಷ್ಟು ತಡೆಯೊಡ್ಡುತ್ತವೆ. ತೋಟಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದವರಿಗೆ ಎರಡನೆಯದರ ಪರಿಣಾಮ ತಿಳಿದೇ ಇದೆ. ಪಾದರಸದ ಅಳತೆ ಕಂಡುಹಿಡಿದ ಪ್ವಾಸೆಯ್ ಅವರೇ 1840ರ ದಶಕದಲ್ಲಿ ಇದಕ್ಕೊಂದು ನಿಯಮವನ್ನೂ ಕೊಟ್ಟರು. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣವು ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿರುತ್ತದೆ ಎಂಬುದೇ ಆ ನಿಯಮ. ಹಾಗೆಂದರೆ ತ್ರಿಜ್ಯ ಅರ್ಧವಾದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ತ್ರಿಜ್ಯದಲ್ಲಿ ಶೇಕಡಾ 10ರಷ್ಟು ಇಳಿಕೆಯಾದರೂ ಅದೇ ಒತ್ತಡದಲ್ಲಿ ಹರಿವು ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗುತ್ತದೆ.

ಜೀವಂತ ರಕ್ತನಾಳವು ರಬ್ಬರಿನ ಪೈಪಿನಂತಲ್ಲ, ನಿಜ. ಆದರೂ ಈ ಲೆಕ್ಕದ ಸಾರ ಅಲ್ಲಿಗೂ ಸಲ್ಲುತ್ತದೆ. ಕೂದಲೆಳೆಯಂತಹ ಕಿರುಧಮನಿಗಳು ತುಸುವೇ ಬಿಗಿದರೆ ಸಾಕು, ಇಡೀ ದೇಹದ ರಕ್ತದೊತ್ತಡ ಏರುತ್ತದೆ; ತುಸುವೇ ಸಡಿಲವಾದರೆ ಇಳಿಯುತ್ತದೆ. ಹಾಗಾದರೆ ಈ ಬಿಗಿತ ಸಡಿಲಿಕೆಗಳ ಆಜ್ಞೆ ಎಲ್ಲಿಂದ ಬರುತ್ತದೆ? ಬಿಗಿಯುವ ಆಜ್ಞೆಯ ಬಗ್ಗೆ ಇಪ್ಪತ್ತನೆಯ ಶತಮಾನದ ಮಧ್ಯದ ವೇಳೆಗೆ ಸಾಕಷ್ಟು ತಿಳಿದಿತ್ತು. ನರಗಳಿಂದ ಹೊಮ್ಮುವ ನಾರ್‌ಅಡ್ರಿನಲಿನ್‌ನಂತಹ ರಾಸಾಯನಿಕಗಳು ನಾಳದ ಸ್ನಾಯುವನ್ನು ಬಿಗಿಗೊಳಿಸುತ್ತವೆ. ಸಡಿಲಿಸುವ ಆಜ್ಞೆಯೇ ಒಗಟಾಗಿತ್ತು.

ಮೊಲದ ಧಮನಿಯ ಒಗಟು

ರಾಬರ್ಟ್ ಫ್ರಾನ್ಸಿಸ್ ಫರ್ಚ್‌ಗಾಟ್ ಅವರು 1916ರ ಜೂನ್ 4ರಂದು ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ಜನಿಸಿದರು. 1937ರಲ್ಲಿ ರಸಾಯನಶಾಸ್ತ್ರದಲ್ಲಿ ಪದವಿಯನ್ನೂ, 1940ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದರು. ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿಯೂ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೂ ದುಡಿದ ನಂತರ 1956ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅವರ ಉಳಿದ ವೃತ್ತಿಜೀವನ ಬಹುಪಾಲು ಕಳೆದುದು ಅಲ್ಲಿಯೇ.

ಸೇಂಟ್ ಲೂಯಿಸ್‌ನಲ್ಲಿದ್ದಾಗ ಅವರು ಒಂದು ಸರಳವಾದ, ಅಚ್ಚುಕಟ್ಟಾದ ವಿಧಾನವನ್ನು ರೂಢಿಗೆ ತಂದಿದ್ದರು. ಮೊಲದ ಎದೆಯ ಮಹಾಧಮನಿಯನ್ನು ತೆಗೆದು, ಅದನ್ನು ಸುರುಳಿಯಾಕಾರದಲ್ಲಿ ಕತ್ತರಿಸಿ ಉದ್ದನೆಯ ಪಟ್ಟಿಯಾಗಿ ಮಾಡುವುದು. ಅದನ್ನು ಪೋಷಕ ದ್ರಾವಣದಲ್ಲಿ ತೂಗುಹಾಕಿ, ಔಷಧದ ಹನಿಗಳನ್ನು ಬೆರೆಸಿ, ಪಟ್ಟಿ ಎಷ್ಟು ಕುಗ್ಗಿತು ಎಷ್ಟು ಹಿಗ್ಗಿತು ಎಂದು ದಾಖಲಿಸುವುದು. ಈ ವಿಧಾನವನ್ನು ಜಗತ್ತಿನ ಅನೇಕ ಪ್ರಯೋಗಶಾಲೆಗಳು ಅನುಸರಿಸಿದವು.

ಇಲ್ಲಿಯೇ ಒಗಟು ಎದುರಾಯಿತು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಜೀವಂತ ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ನಾಳಗಳು ಹಿಗ್ಗಿ ಒತ್ತಡ ತಟ್ಟನೆ ಇಳಿಯುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1914ರಲ್ಲಿಯೇ ತೋರಿಸಿದ್ದರು. ಆದರೆ ಫರ್ಚ್‌ಗಾಟ್ ಅವರ ಪಟ್ಟಿಗಳು ಅದೇ ಅಸಿಟೈಲ್‌ಕೋಲಿನ್‌ಗೆ ಹಿಗ್ಗುವ ಬದಲು ಕುಗ್ಗಿದವು. ಅವರು ತಾವು ಕಂಡದ್ದನ್ನು ಕಂಡಂತೆಯೇ 1953ರಲ್ಲಿ ಪ್ರಕಟಿಸಿದರು. ದೇಹದೊಳಗೆ ನಾಳವನ್ನು ಹಿಗ್ಗಿಸುವ ವಸ್ತುವೇ ದೇಹದ ಹೊರಗೆ ಅದನ್ನು ಕುಗ್ಗಿಸುವುದೇಕೆ? ಈ ವಿರೋಧಾಭಾಸ ಕಾಲು ಶತಮಾನದ ಕಾಲ ಬಗೆಹರಿಯದೆ ಉಳಿಯಿತು.

ಸೂಚನೆ ತಪ್ಪಿದ ದಿನ

1978ರ ಮೇ ತಿಂಗಳು. ಫರ್ಚ್‌ಗಾಟ್ ಅವರಿಗೆ ಆಗ 62 ತುಂಬುವ ಸಮಯ. ಬೇರೊಂದು ಉದ್ದೇಶದ ಪ್ರಯೋಗಮಾಲೆಯನ್ನು ಆರಂಭಿಸಿ, ಅದರ ಹಂತಗಳನ್ನು ಸಹಾಯಕ ಡೇವಿಡ್ ಡೇವಿಡ್‌ಸನ್ ಅವರಿಗೆ ಬರೆದುಕೊಟ್ಟಿದ್ದರು. ಈ ಬಾರಿ ಸುರುಳಿ ಪಟ್ಟಿಯ ಬದಲು ಮಹಾಧಮನಿಯನ್ನು ಬಳೆಯಂತೆ ಅಡ್ಡಕ್ಕೆ ಕತ್ತರಿಸಿದ ಉಂಗುರಗಳನ್ನು ಬಳಸಲಾಗಿತ್ತು. ನಾರ್‌ಅಡ್ರಿನಲಿನ್‌ನಿಂದ ಉಂಗುರವನ್ನು ಬಿಗಿಗೊಳಿಸಿ, ಅದನ್ನು ತೊಳೆದು ತೆಗೆದ ಬಳಿಕವೇ ಅಸಿಟೈಲ್‌ಕೋಲಿನ್‌ನ ಬಳಗಕ್ಕೆ ಸೇರಿದ ಕಾರ್ಬಕಾಲ್ ಎಂಬ ವಸ್ತುವನ್ನು ಬೆರೆಸಬೇಕಾಗಿತ್ತು. ಸಹಾಯಕರು ತೊಳೆಯುವ ಹಂತವನ್ನು ಬಿಟ್ಟು ಮುಂದಿನದನ್ನು ಬೆರೆಸಿದರು. ಬಿಗಿದೇ ಇದ್ದ ಉಂಗುರ ಕಾರ್ಬಕಾಲ್ ತಾಗಿದೊಡನೆ ಸಡಿಲಗೊಂಡಿತು.

ಇಂತಹ ಸಂದರ್ಭದಲ್ಲಿ ಬಹುಮಂದಿ ಮಾಡುವುದೇನು? ಸಹಾಯಕರನ್ನು ಗದರಿಸಿ, ಆ ದಿನದ ದಾಖಲೆಯನ್ನು ಹರಿದುಹಾಕಿ, ಮೊದಲಿನಿಂದ ಆರಂಭಿಸುವುದು. ಫರ್ಚ್‌ಗಾಟ್ ಹಾಗೆ ಮಾಡಲಿಲ್ಲ. ತಾವು ಇಪ್ಪತ್ತೈದು ವರ್ಷ ಕಂಡದ್ದಕ್ಕೆ ವಿರುದ್ಧವಾದುದು ಕಣ್ಣೆದುರು ಘಟಿಸಿದೆ, ಅದಕ್ಕೊಂದು ಕಾರಣವಿರಲೇಬೇಕು ಎಂದು ಅವರು ನಿಂತು ಯೋಚಿಸಿದರು. ಅಚ್ಚರಿಯೇ ತತ್ತ್ವಜ್ಞಾನದ ಮೊದಲ ಮೆಟ್ಟಿಲೆಂದು ಅರಿಸ್ಟಾಟಲ್ ಹೇಳಿದ್ದಾನೆ. ಪ್ರಯೋಗಶಾಲೆಗೂ ಆ ಮಾತು ಸಲ್ಲುತ್ತದೆ.

ತೊಳೆಯದೆ ಬಿಟ್ಟುದರಿಂದ ಉಂಗುರ ಮೊದಲೇ ಬಿಗಿದಿತ್ತು, ಆದುದರಿಂದ ಸಡಿಲಿಕೆ ಕಣ್ಣಿಗೆ ಬಿದ್ದಿತು. ಅಷ್ಟು ಸ್ಪಷ್ಟ. ಆದರೆ ಬಿಗಿದ ಪಟ್ಟಿಗಳು ಅದೇ ರೀತಿ ಸಡಿಲಗೊಳ್ಳುವುದಿಲ್ಲವಲ್ಲ! ಉಂಗುರಕ್ಕೂ ಪಟ್ಟಿಗೂ ಇರುವ ವ್ಯತ್ಯಾಸವೇನು? ಎರಡೂ ಒಂದೇ ಮೊಲದ ಒಂದೇ ಧಮನಿಯವು, ಎರಡರಲ್ಲಿರುವುದೂ ಒಂದೇ ಸ್ನಾಯು. ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸಿ ಕೈಬಿಡುತ್ತಾ ಹೋದಾಗ ಉತ್ತರ ಸಿಕ್ಕಿದ್ದು ಅತ್ಯಂತ ಸಾಮಾನ್ಯ ಸಂಗತಿಯೊಂದರಲ್ಲಿ. ಸುರುಳಿ ಪಟ್ಟಿಯನ್ನು ಕತ್ತರಿಸಿ ಸಿದ್ಧಪಡಿಸುವಾಗ ಅದರ ಒಳಮೈ ಬೆರಳಿಗೋ ಉಪಕರಣಕ್ಕೋ ಇತರ ಮೇಲ್ಮೈಗೋ ಉಜ್ಜುತ್ತಿತ್ತು. ಆ ಉಜ್ಜುವಿಕೆಯಲ್ಲಿ ಒಂದೇ ಜೀವಕೋಶದ ದಪ್ಪದ ಒಳಪೊರೆ ಕಳಚಿಹೋಗುತ್ತಿತ್ತು. ಉಂಗುರದಲ್ಲಾದರೋ ಒಳಮೈ ಹಾಗೆಯೇ ಉಳಿಯುತ್ತಿತ್ತು. ಪಟ್ಟಿಯನ್ನು ಎಚ್ಚರದಿಂದ, ಒಳಮೈ ಎಲ್ಲಿಯೂ ತಾಗದಂತೆ ಸಿದ್ಧಪಡಿಸಿದಾಗ ಅದೂ ಸಡಿಲಗೊಂಡಿತು. ಉಂಗುರದ ಒಳಮೈಯನ್ನು ಬೇಕೆಂದೇ ಮೆಲ್ಲಗೆ ಉಜ್ಜಿದಾಗ ಅದು ಸಡಿಲಗೊಳ್ಳುವುದನ್ನು ನಿಲ್ಲಿಸಿತು. ಸೂಕ್ಷ್ಮದರ್ಶಕದ ಪರೀಕ್ಷೆಯೂ ಇದನ್ನೇ ದೃಢಪಡಿಸಿತು: ಪೊರೆ ಇದ್ದಲ್ಲಿ ಸಡಿಲಿಕೆಯಿದೆ, ಪೊರೆ ಹೋದಲ್ಲಿ ಸಡಿಲಿಕೆಯಿಲ್ಲ.

1953ರಲ್ಲಿ ಫರ್ಚ್‌ಗಾಟ್ ಅವರು ಕಂಡದ್ದು ಸುಳ್ಳಾಗಿರಲಿಲ್ಲ. ಪೊರೆ ಕಳೆದುಕೊಂಡ ಪಟ್ಟಿ ನಿಜವಾಗಿಯೂ ಕುಗ್ಗುತ್ತಿತ್ತು. ನಮ್ಮ ದೇಶದ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪ್ರತ್ಯಕ್ಷ ಸರಿಯಾಗಿತ್ತು, ಅನುಮಾನದಲ್ಲಿ ದೋಷವಿತ್ತು. ರಕ್ತನಾಳದ ಸ್ವಭಾವವೆಂದು ತಿಳಿದದ್ದು ವಾಸ್ತವದಲ್ಲಿ ಗಾಯಗೊಂಡ ರಕ್ತನಾಳದ ಸ್ವಭಾವವಾಗಿತ್ತು.

ಎರಡು ಪಟ್ಟಿಗಳ ನಡುವೆ ಸಾಗಿದ ಸಂದೇಶ

ಪೊರೆ ಬೇಕೆಂಬುದು ಸಿದ್ಧವಾಯಿತು. ಅದು ಮಾಡುವುದೇನು? ಪೊರೆಯ ಕೋಶಗಳು ಯಾವುದೋ ವಸ್ತುವನ್ನು ಸ್ರವಿಸಿ ಸ್ನಾಯುವಿಗೆ ಕಳುಹಿಸುತ್ತಿರಬೇಕೆಂದು ಫರ್ಚ್‌ಗಾಟ್ ಊಹಿಸಿದರು. ಇದನ್ನು ಪರೀಕ್ಷಿಸಲು ಅವರು ಹೂಡಿದ ಉಪಾಯ ಶಾಲಾ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಒಳಪೊರೆಯನ್ನು ಉಜ್ಜಿ ತೆಗೆದ ಒಂದು ಪಟ್ಟಿ. ಒಳಪೊರೆ ಉಳಿಸಿಕೊಂಡ ಇನ್ನೊಂದು ಪಟ್ಟಿ. ಎರಡರ ಒಳಮೈಗಳು ಒಂದಕ್ಕೊಂದು ತಾಗುವಂತೆ ರೊಟ್ಟಿಯ ಚೂರುಗಳ ಹಾಗೆ ಜೋಡಿಸಿದರು. ಎರಡನೆಯ ಪಟ್ಟಿಯ ಸ್ನಾಯು ಅಳತೆಯ ಮೇಲೆ ಪ್ರಭಾವ ಬೀರದಂತೆ ಅದನ್ನು ಬೇರೆ ದಿಕ್ಕಿನಲ್ಲಿ ಕತ್ತರಿಸಿದ್ದರು. ಅಸಿಟೈಲ್‌ಕೋಲಿನ್ ಬೆರೆಸಿದಾಗ, ಒಂಟಿಯಾಗಿದ್ದಾಗ ಸಡಿಲಗೊಳ್ಳದಿದ್ದ ಮೊದಲನೆಯ ಪಟ್ಟಿ ಈಗ ಸಡಿಲಗೊಂಡಿತು. ಎರಡನ್ನೂ ಬೇರ್ಪಡಿಸಿದಾಗ ಮತ್ತೆ ಸಡಿಲಿಕೆ ಕಾಣಲಿಲ್ಲ. ಒಂದು ಪಟ್ಟಿಯ ಪೊರೆಯಿಂದ ಹೊರಟ ಯಾವುದೋ ವಸ್ತು ಇನ್ನೊಂದು ಪಟ್ಟಿಯ ಸ್ನಾಯುವನ್ನು ಮುಟ್ಟಿತ್ತೆಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಸಹೋದ್ಯೋಗಿ ಜಾನ್ ಜವಾಡ್ಸ್ಕಿ ಅವರೊಡನೆ ಬರೆದ ಈ ಪ್ರಬಂಧ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಜ್ಞಾತವಾಗಿದ್ದ ಆ ವಸ್ತುವಿಗೆ ‘ಒಳಪೊರೆಯಿಂದ ಹೊಮ್ಮುವ ಸಡಿಲಕಾರಕ’ ಎಂಬರ್ಥದ ಹೆಸರನ್ನು ಅನಂತರ ನೀಡಲಾಯಿತು. ಹೆಸರೇನೋ ಬಂದಿತು, ವಸ್ತು ಮಾತ್ರ ಕೈಗೆ ಸಿಗಲಿಲ್ಲ. ಅದು ಹುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುತ್ತಿತ್ತು.

ಹೊಗೆಯಲ್ಲಿರುವ ಅನಿಲ, ದೇಹದೊಳಗಿನ ದೂತ

ಇದರ ಇನ್ನೊಂದು ಎಳೆ ಬೇರೆಡೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಎದೆನೋವಿನ ರೋಗಿಗಳಿಗೆ ನೈಟ್ರೋಗ್ಲಿಸರಿನ್ ಕೊಡುವ ಪದ್ಧತಿಯನ್ನು ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲಿ ವರದಿ ಮಾಡಿದ್ದರು. ಅದು ಏಕೆ ಗುಣ ಕೊಡುತ್ತದೆಂಬುದು ಮಾತ್ರ ಒಂದು ಶತಮಾನದವರೆಗೆ ತಿಳಿದಿರಲಿಲ್ಲ. 1977ರಲ್ಲಿ ಅಮೆರಿಕದ ಫೆರಿದ್ ಮುರಾದ್ ಅವರು ನೈಟ್ರೋಗ್ಲಿಸರಿನ್ ಮತ್ತು ಅದರ ಬಳಗದ ಔಷಧಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಮೂಲಕವೇ ನಾಳದ ಸ್ನಾಯುವನ್ನು ಸಡಿಲಿಸುತ್ತವೆ ಎಂದು ತೋರಿಸಿದರು.

ಒಂದು ಸಾರಜನಕ ಪರಮಾಣು, ಒಂದು ಆಮ್ಲಜನಕ ಪರಮಾಣು, ಇಷ್ಟೇ ಸೇರಿ ಆಗುವ ಅನಿಲವಿದು. ವಾಹನಗಳ ಹೊಗೆಯಲ್ಲಿ ಇದು ವಾಯುಮಾಲಿನ್ಯದ ವಸ್ತು. ಹಲ್ಲಿನ ವೈದ್ಯರು ಅರಿವಳಿಕೆಗೆ ಬಳಸುವ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್, ಇದಕ್ಕಿಂತ ಬೇರೆಯಾದುದು. ಎರಡನ್ನೂ ಒಂದೇ ಎಂದು ಭಾವಿಸಬಾರದು. ಹೊಗೆಯಲ್ಲಿ ಹೊರಬೀಳುವ ಇಂತಹ ವಿಷಾನಿಲವನ್ನು ದೇಹವೇ ತಯಾರಿಸಿ ಸಂದೇಶವಾಹಕನನ್ನಾಗಿ ಬಳಸುತ್ತದೆಂದು ಊಹಿಸುವುದೂ ಆಗ ಕಷ್ಟವಾಗಿತ್ತು.

1986ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಮೇಯೊ ಕ್ಲಿನಿಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಫರ್ಚ್‌ಗಾಟ್ ಹಾಗೂ ಲೂಯಿಸ್ ಇಗ್ನಾರೋ ಇಬ್ಬರೂ ಪ್ರತ್ಯೇಕವಾಗಿ ಒಂದೇ ನಿರ್ಣಯವನ್ನು ಮಂಡಿಸಿದರು: ಒಳಪೊರೆಯ ಸಡಿಲಕಾರಕವೆಂದರೆ ನೈಟ್ರಿಕ್ ಆಕ್ಸೈಡೇ ಆಗಿರಬೇಕು. ಎರಡರ ಗುಣಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಒಂದನ್ನೊಂದು ಹೋಲುತ್ತಿದ್ದವು. 1987ರಲ್ಲಿ ಇಂಗ್ಲೆಂಡಿನ ವೆಲ್‌ಕಂ ಪ್ರಯೋಗಶಾಲೆಯಲ್ಲಿದ್ದ ಸಾಲ್ವಡಾರ್ ಮೊಂಕಾಡಾ ಅವರ ತಂಡ ಒಳಪೊರೆಯ ಕೋಶಗಳಿಂದ ಹೊಮ್ಮುವ ನೈಟ್ರಿಕ್ ಆಕ್ಸೈಡನ್ನು ಅಳೆದು ತೋರಿಸಿತು. ಇಗ್ನಾರೋ ತಂಡವೂ ಅದೇ ವರ್ಷ ತನ್ನ ಪುರಾವೆಯನ್ನು ಪ್ರಕಟಿಸಿತು. ಆಹಾರದ ಸಸಾರಜನಕದಲ್ಲಿರುವ ಆರ್ಜಿನಿನ್ ಎಂಬ ಅಂಶದಿಂದಲೇ ಕೋಶಗಳು ಇದನ್ನು ತಯಾರಿಸುತ್ತವೆಂದು 1988ರಲ್ಲಿ ಮೊಂಕಾಡಾ ತಂಡ ಕಂಡುಕೊಂಡಿತು.

1998ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಈ ಮೂವರಿಗೆ ಸಂದಿತು. ಮೂವರಿಗಿಂತ ಹೆಚ್ಚು ಜನರಿಗೆ ಪ್ರಶಸ್ತಿ ಹಂಚುವಂತಿಲ್ಲ. ಮೊಂಕಾಡಾ ಅವರು ಹೊರಗುಳಿದುದು ಅನ್ಯಾಯವೆಂದು ಅನೇಕ ವಿಜ್ಞಾನಿಗಳು ಅಂದೇ ಹೇಳಿದರು. ಈ ಪ್ರಶಸ್ತಿಯಲ್ಲಿ ಇನ್ನೊಂದು ವೈಚಿತ್ರ್ಯವೂ ಅಡಗಿದೆ. ಆಲ್ಫ್ರೆಡ್ ನೊಬೆಲ್ ಅವರು ಸಂಪತ್ತು ಗಳಿಸಿದ್ದು ನೈಟ್ರೋಗ್ಲಿಸರಿನ್‌ನಿಂದ ಮಾಡಿದ ಡೈನಮೈಟಿನಿಂದ. ಮುಪ್ಪಿನಲ್ಲಿ ಎದೆನೋವು ಬಂದಾಗ ವೈದ್ಯರು ಅವರಿಗೆ ಬರೆದುಕೊಟ್ಟ ಔಷಧವೂ ಅದೇ ನೈಟ್ರೋಗ್ಲಿಸರಿನ್! ವಿಧಿಯ ಈ ವ್ಯಂಗ್ಯವನ್ನು ಅವರು ತಮ್ಮ ಪತ್ರವೊಂದರಲ್ಲಿ ಉಲ್ಲೇಖಿಸಿದ್ದಾರೆ. ಆ ಔಷಧದ ಗುಟ್ಟನ್ನು ಬಿಡಿಸಿದವರಿಗೆ ಅವರದೇ ಹೆಸರಿನ ಪ್ರಶಸ್ತಿ ಸಲ್ಲಲು ನೂರು ವರ್ಷ ಬೇಕಾಯಿತು.

ರಕ್ತದೊತ್ತಡಕ್ಕೆ ಇದರಿಂದೇನು?

ನಮ್ಮ ದೇಹದಲ್ಲಿ ಈ ವ್ಯವಸ್ಥೆ ಹಗಲಿರುಳು ನಡೆಯುತ್ತಿದೆ. ಹರಿಯುವ ರಕ್ತವು ಒಳಪೊರೆಯನ್ನು ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯೇ ಪೊರೆಗೆ ಪ್ರಚೋದನೆ. ಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಹೊಮ್ಮಿಸುತ್ತವೆ. ಅದು ಪಕ್ಕದ ಸ್ನಾಯುವಿನೊಳಗೆ ನುಸುಳಿ ಬಿಗಿತವನ್ನು ಸಡಿಲಿಸುತ್ತದೆ. 1989ರಲ್ಲಿ ಮೊಲಗಳಲ್ಲಿ ಈ ಉತ್ಪಾದನೆಯನ್ನು ಔಷಧದಿಂದ ತಡೆದಾಗ ರಕ್ತದೊತ್ತಡ ಏರಿತು. ಅದೇ ವರ್ಷ ಮನುಷ್ಯರ ಮುಂಗೈಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ರಕ್ತದ ಹರಿವು ಗಮನಾರ್ಹವಾಗಿ ಕುಗ್ಗಿತು. 1995ರಲ್ಲಿ, ಒಳಪೊರೆಯಲ್ಲಿ ಈ ಅನಿಲವನ್ನು ತಯಾರಿಸುವ ಕಿಣ್ವದ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳಲ್ಲಿ ಅಧಿಕ ರಕ್ತದೊತ್ತಡ ಕಂಡುಬಂದಿತು. ರಕ್ತದೊತ್ತಡವು ಹಿತಮಿತವಾಗಿರಬೇಕಾದರೆ ನಾಳದ ಒಳಪೊರೆ ಕ್ಷಣಕ್ಷಣವೂ ದುಡಿಯುತ್ತಿರಬೇಕು ಎಂಬುದು ಹೀಗೆ ಸ್ಪಷ್ಟವಾಯಿತು.

ಇದರ ಫಲ ರೋಗಿಯ ಹಾಸಿಗೆಯವರೆಗೂ ತಲುಪಿದೆ. ಎದೆನೋವು ಬಂದಾಗ ನಾಲಗೆಯ ಅಡಿಯಲ್ಲಿಡುವ ಸಾರ್ಬಿಟ್ರೇಟ್ ಮಾತ್ರೆ ಮಾಡುವುದು ಇದೇ ಕೆಲಸವನ್ನು: ಸೋತ ಪೊರೆ ಕೊಡಲಾರದ ನೈಟ್ರಿಕ್ ಆಕ್ಸೈಡನ್ನು ಹೊರಗಿನಿಂದ ಒದಗಿಸುವುದು. ಹುಟ್ಟಿದೊಡನೆ ಶ್ವಾಸಕೋಶದ ನಾಳಗಳು ಬಿಗಿದೇ ಉಳಿದು ಮೈ ನೀಲಿಗಟ್ಟುವ ಶಿಶುಗಳಿಗೆ ಇಂದು ಆಸ್ಪತ್ರೆಗಳಲ್ಲಿ ಉಸಿರಿನೊಡನೆ ಅತ್ಯಲ್ಪ ಪ್ರಮಾಣದಲ್ಲಿ ನೈಟ್ರಿಕ್ ಆಕ್ಸೈಡನ್ನೇ ಕೊಡುತ್ತಾರೆ. ಹೊಗೆಯಲ್ಲಿ ನಂಜಾಗಿರುವ ವಸ್ತು ಅಳತೆಯರಿತು ಕೊಟ್ಟಾಗ ಹಸುಗೂಸಿನ ಉಸಿರನ್ನು ಉಳಿಸುತ್ತದೆ.

ಆದರೆ ಅಧಿಕ ರಕ್ತದೊತ್ತಡಕ್ಕೆಲ್ಲ ಇದೊಂದೇ ಕಾರಣವೆಂದು ಯಾರೂ ತಿಳಿಯಬಾರದು. ಮೂತ್ರಪಿಂಡಗಳು ಉಪ್ಪುನೀರನ್ನು ಹಿಡಿದಿಡುವ ಬಗೆ, ನರಗಳ ಪ್ರಭಾವ, ರಕ್ತದಲ್ಲಿರುವ ಇತರ ರಾಸಾಯನಿಕಗಳು, ವಂಶದಿಂದ ಬಂದ ಗುಣ, ವಯಸ್ಸು ಎಲ್ಲವೂ ಇದರಲ್ಲಿ ಪಾಲುಗೊಳ್ಳುತ್ತವೆ. ಒಳಪೊರೆ ಸೋತರೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ಒಳಪೊರೆ ಮತ್ತಷ್ಟು ಸೋಲುತ್ತದೆ. ಕಾರಣವು ಕಾರ್ಯವಾಗಿ, ಕಾರ್ಯವು ಮತ್ತೆ ಕಾರಣವಾಗುವ ಇಂತಹ ಸುಳಿಯಲ್ಲಿ ‘ಇದೊಂದೇ ಮೂಲ’ ಎಂದು ಬೆರಳಿಟ್ಟು ತೋರಿಸಲಾಗದು.

ಮನೆಯವರು ಮಾಡಬೇಕಾದುದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 79 ವಯಸ್ಸಿನ 120 ಕೋಟಿಗೂ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ತಮಗೆ ಅದಿದೆಯೆಂಬುದೇ ತಿಳಿದಿಲ್ಲ. ಈ ವ್ಯಾಧಿಯ ಕ್ರೌರ್ಯವಿರುವುದು ಅದರ ಮೌನದಲ್ಲಿ. ನೋವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ನಾಳಗಳನ್ನು ಸವೆಸಿ, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮೂತ್ರಪಿಂಡದ ವೈಫಲ್ಯವಾಗಿಯೋ ಬಾಗಿಲು ಬಡಿಯುತ್ತದೆ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಇಡೀ ಸಂಸಾರವೇ ಕುಸಿಯುತ್ತದೆ.

ಆದುದರಿಂದ ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140–90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಸಲಹೆಯಂತೆ ನಡೆಯಬೇಕು. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ನಮ್ಮವರಲ್ಲಿ ಸಾಮಾನ್ಯವಾದ, ಆದರೆ ಅಪಾಯಕರವಾದ ರೂಢಿ. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದನ್ನು ಮರೆಯಬಾರದು.

ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೆಚ್ಚುಕಡಿಮೆ ಒಂದು ಟೀ ಚಮಚ. ಸಾರು ಪಲ್ಯಗಳ ಉಪ್ಪಿನ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಅಡುಗೆಮನೆ ನೋಡಿಕೊಳ್ಳುವವರು ನೆನಪಿಡಬೇಕು. ಬೀಡಿ, ಸಿಗರೇಟಿನ ಹೊಗೆ ಒಳಪೊರೆಯ ನೇರ ಶತ್ರು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೂ ಅದನ್ನು ಕೆಡಿಸುತ್ತದೆ. ಬಿರುಸಿನ ನಡಿಗೆಯಿಂದ ರಕ್ತದ ಹರಿವು ಹೆಚ್ಚಿ ಒಳಪೊರೆ ಹೆಚ್ಚು ನೈಟ್ರಿಕ್ ಆಕ್ಸೈಡನ್ನು ಹೊಮ್ಮಿಸುತ್ತದೆ. ವೈದ್ಯರು ‘ನಡೆಯಿರಿ’ ಎನ್ನುವ ಹಳೆಯ ಮಾತಿಗೆ ಈ ಸಂಶೋಧನೆ ಹೊಸ ಆಧಾರವನ್ನೂ ಒದಗಿಸಿದೆ. ಬೀಟ್‌ರೂಟ್, ಪಾಲಕ್, ಹರಿವೆಯಂತಹ ತರಕಾರಿಗಳಲ್ಲಿರುವ ನೈಟ್ರೇಟ್ ಕೂಡ ದೇಹದಲ್ಲಿ ಈ ಅನಿಲವಾಗಿ ಮಾರ್ಪಟ್ಟು ಒತ್ತಡವನ್ನು ಅಲ್ಪ ಪ್ರಮಾಣದಲ್ಲಿ ಇಳಿಸಬಲ್ಲದು. ಹಾಗೆಂದು ಸೊಪ್ಪು ಮಾತ್ರೆಗೆ ಬದಲಿಯಾಗದು.

ಫರ್ಚ್‌ಗಾಟ್ ಅವರು 2009ರ ಮೇ 19ರಂದು ಸಿಯಾಟಲ್ ನಗರದಲ್ಲಿ ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದರು. ಅರವತ್ತು ದಾಟಿದ ಮೇಲೆ, ತಾವೇ ರೂಢಿಸಿದ ವಿಧಾನದಲ್ಲಿದ್ದ ದೋಷವನ್ನು ತಾವೇ ಹುಡುಕಿ, ಅದನ್ನು ಲೋಕದ ಮುಂದಿಟ್ಟ ಪ್ರಾಮಾಣಿಕತೆ ಅವರದು. ಅವರ ಅತಿದೊಡ್ಡ ಶೋಧ ಹೊರಬಂದುದು ಆ ತಪ್ಪೊಪ್ಪಿಗೆಯ ಬಾಗಿಲಿನಿಂದಲೇ. ಸಿದ್ಧಪಡಿಸುವ ಆತುರದಲ್ಲಿ ಉಜ್ಜಿಹೋದದ್ದರಲ್ಲಿಯೇ ಉತ್ತರವಿತ್ತು. ಅದು ಕಾಣಲಿಲ್ಲವೆಂಬ ಕಾರಣಕ್ಕೆ ಅದು ಇರಲಿಲ್ಲವೆಂದಾಗಲಿಲ್ಲ. ಸದ್ದು ಮಾಡದುದು ಮುಖ್ಯವಲ್ಲವೆಂದು ಭಾವಿಸುವ ನಾವು, ದೇಹದ ವಿಷಯದಲ್ಲಿ ಮಾತ್ರವಲ್ಲದೆ ಸಂಸಾರದ ವಿಷಯದಲ್ಲಿಯೂ ಈ ಪಾಠವನ್ನು ಕಲಿಯಬಹುದು. ಸದ್ಯಕ್ಕೆ, ಈ ವಾರದೊಳಗೆ ಮನೆಯ ಹಿರಿಯರ ರಕ್ತದೊತ್ತಡವನ್ನೂ, ಅವರೊಡನೆ ನಮ್ಮದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳೋಣ.